ಲೆಕ್ಕಕ್ಕೆ ಸಿಗದ ದಿನ

ಬೇತಮಂಗಲ
12 ಫೆಬ್ರವರಿ 2025

ಸುಧಾಕರನಿಗೆ,

ಮೂರು ದಿನದಿಂದ ನಿನ್ನ ಫೋನು ಸ್ವಿಚ್ ಆಫ್ ಬರುತ್ತಿದೆ. ನಿನ್ನ ಹೆಂಡತಿ ಇಂದ್ರಾಣಿಯದೂ ಅಷ್ಟೇ. ಬಂಗಾರಪೇಟೆಗೆ ಬಂದು ಬಾಗಿಲು ತಟ್ಟಲು ನನಗೆ ಧೈರ್ಯವಿಲ್ಲ, ಅದಕ್ಕೇ ಈ ಕಾಗದ. ಕ್ಷೇಮವೇ ಎಂದು ಕೇಳುವ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ.

ಭಾನುವಾರ ಸಂಜೆಯದನ್ನು ನೀನೂ ನೋಡಿರುತ್ತೀಯ. ‘ಹಿಮದೊಳಗಿನ ಒಗಟು’ ಅಂತ ಕಾರ್ಯಕ್ರಮ. ಬೆಟ್ಟ ಹತ್ತಿ ವಾಪಸ್ಸು ಬಾರದವರದು, ಸಾವಿನ ಬಾಯಿಂದ ಬದುಕಿ ಬಂದವರದು, ಹೀಗೆ ವಾರಕ್ಕೊಂದು ಕಥೆ ಹಾಕುತ್ತಾರಂತೆ. ಈ ವಾರ, ನಿನ್ನ ಜೊತೆ ಬೆಟ್ಟ ಹತ್ತಿ ಹಿಂತಿರುಗದ ನನ್ನ ತಮ್ಮ ಮುನೇಶನದು. ನಮಗೆ ಒಂದು ಮಾತೂ ತಿಳಿಸಿರಲಿಲ್ಲ. ನನ್ನ ಮಗಳು ನವ್ಯಳ ಕ್ಲಾಸಿನ ಹುಡುಗಿ ಫೋನ್ ಮಾಡಿ, “ನಿಮ್ ಮಾವನ್ನ ತೋರಿಸ್ತಾ ಇದ್ದಾರೆ ಕಣೇ” ಅಂದಮೇಲೇ ನಾವು ಟೀವಿ ಹಾಕಿದ್ದು.

ಅಮ್ಮ ಹಾಲಿನ ಕ್ಯಾನು ಅಲ್ಲೇ ಬಿಟ್ಟು ಟೀವಿಗೆ ಮಾರು ದೂರದಲ್ಲಿ ನೆಲದ ಮೇಲೆ ಕೂತಳು. ಮುನೇಶನ ಪಾತ್ರಕ್ಕೆ ಯಾರೋ ಬಿಳಿಚಿಕೊಂಡ ಹುಡುಗನನ್ನು ಹಾಕಿದ್ದಾರೆ. “ಇವನ್ಯಾರು? ನನ್ ಮಗ ಇಷ್ಟು ಬೆಳ್ಳಗಿರ್ನಿಲ್ಲ” ಅಂದಳು. ಆಮೇಲೆ ಅವನು ಟೆಂಟಿನೊಳಗೆ ನಡುಗುವುದನ್ನು ತೋರಿಸಿದಾಗ ಆ ಬಿಳಿ ಹುಡುಗನಿಗೇ ಕೈ ಚಾಚಿ, “ಕಂಬಳಿ ಒದ್ಕೊಳೋ, ಒದ್ಕೊಳೋ” ಅಂದಳು.

ಕಾರ್ಯಕ್ರಮ ಮುಗಿದ ಮೇಲೆ ಫೋನಿನಲ್ಲಿ ಅದರ ಕೆಳಗೆ ನೋಡಿದವರ ಅಭಿಪ್ರಾಯ ಬರಲು ಶುರುವಾಯಿತು. ಈಗ ನಾಲ್ಕು ಸಾವಿರ ದಾಟಿದೆ. ಎಲ್ಲವನ್ನೂ ಓದು ಅಂತ ಅಮ್ಮ ನವ್ಯಳನ್ನು ಕೂರಿಸಿಕೊಳ್ಳುತ್ತಾಳೆ. ಶಿವಮೊಗ್ಗದ ಯಾರೋ ‘ಇದು ಶುದ್ಧ ಕೊಲೆ’ ಎಂದು ಬರೆದಿದ್ದಾರೆ. ಇನ್ನೊಬ್ಬರು, ‘ಹೋದ ವಾರದ ಕಥೆಯೇ ಚೆನ್ನಾಗಿತ್ತು, ಅದರಲ್ಲಿ ಹೆಣ ಸಿಕ್ಕಿತ್ತು.’ ನವ್ಯ ಅದನ್ನು ಓದದೆ ಹಾರಿಸಿದಳು.

ಹಾರಿಸಲಾಗದ್ದು ಒಂದಿದೆ. ನಿನ್ನನ್ನು ಸ್ಟ್ರೆಚರ್ ಮೇಲೆ ಮಲಗಿಸಿರುವ ಫೋಟೊ ತೋರಿಸಿದರಲ್ಲ, ಅದನ್ನು ದೊಡ್ಡದು ಮಾಡಿ ಒಬ್ಬರು ಕೇಳಿದ್ದಾರೆ: ‘ಬದುಕಿ ಬಂದವನ ಮೈಮೇಲೆ ಸತ್ತವನ ಜಾಕೆಟ್ ಯಾಕಿದೆ?’

ನಾನು ಆಲ್ಬಮ್ ತೆಗೆದು ನೋಡಿದೆ. ಅದು ಮುನೇಶನ ಕೆಂಪು ಜಾಕೆಟ್ಟೇ. ಎಡ ಜೇಬು ಹರಿದಿತ್ತೆಂದು ಆಂಡರ್ಸನ್‌ಪೇಟೆಯ ನನ್ನ ಟೈಲರ್ ಅಂಗಡಿಯಲ್ಲಿ ಕೆಂಪು ದಾರ ಮುಗಿದಿದ್ದರಿಂದ ನೀಲಿ ದಾರದಲ್ಲಿ ಹೊಲಿದಿದ್ದೆ. ಆ ನೀಲಿ ಹೊಲಿಗೆ ಫೋಟೊದಲ್ಲಿ ಕಾಣುತ್ತಿದೆ.

ಇಷ್ಟಕ್ಕೆ ಮಾತ್ರ ಉತ್ತರ ಬರೆ. ಬರೆದಿರುವುದು ಅಮ್ಮನಿಗೆ ಗೊತ್ತಿಲ್ಲ.

ಶಶಿರೇಖ


ಬಂಗಾರಪೇಟೆ
20 ಫೆಬ್ರವರಿ 2025

ಅಕ್ಕನಿಗೆ ಸುಧಾಕರನ ನಮಸ್ಕಾರ.

ಫೋನು ಆಫ್ ಮಾಡಿದ್ದು ನಿನ್ನಿಂದ ತಪ್ಪಿಸಿಕೊಳ್ಳಲು ಅಲ್ಲ. ಯಾರೋ ನನ್ನ ನಂಬರನ್ನು ಆ ಅಭಿಪ್ರಾಯಗಳ ನಡುವೆ ಹಾಕಿಬಿಟ್ಟರು. ಒಂದೇ ರಾತ್ರಿಯಲ್ಲಿ ಮುನ್ನೂರು ಕರೆ ಬಂದವು. ಒಬ್ಬ ಬಹಳ ಮರ್ಯಾದೆಯಿಂದ, “ಸರ್, ನಿಮಗೆ ತಳ್ಳುವಾಗ ಏನನ್ನಿಸಿತು?” ಎಂದು ಕೇಳಿದ. ಕಾಲೇಜಿನಲ್ಲಿ ಇಂದ್ರಾಣಿ ನಮ್ಮಿಬ್ಬರ ಜೊತೆ ಓದಿದವಳು ಎಂದು ಟೀವಿಯಲ್ಲಿ ಹೇಳಿದರಲ್ಲ, ಅದನ್ನೇ ಹಿಡಿದು ಅವಳಿಗಾಗಿಯೇ ಮುನೇಶನನ್ನು ಕೊಂದೆ ಎಂದು ಕಥೆ ಕಟ್ಟಿದ್ದಾರೆ. ಅವಳು ಹತ್ತು ದಿನದಿಂದ ಬೀದಿ ನಲ್ಲಿಗೆ ಹೋಗಿಲ್ಲ.

ನಾನು ಓಡಿಸುವ ಸ್ಕೂಲ್ ವ್ಯಾನನ್ನು ಸೋಮವಾರದಿಂದ ಬೇರೆಯವರಿಗೆ ಕೊಟ್ಟಿದ್ದಾರೆ. “ಸ್ವಲ್ಪ ದಿನ ಮನೇಲಿರಪ್ಪ, ತಾಯಂದಿರು ಎದರ್ಕೊಂಡವ್ರೆ” ಅಂದರು. ಒಬ್ಬ ಹುಡುಗಿ ಮಾತ್ರ ತನ್ನ ಮನೆಯ ಕಿಟಕಿಯಿಂದ ಕೈ ಬೀಸಿದಳು. ಅವಳ ತಾಯಿ ಆ ಕೈ ಹಿಡಿದು ಕೆಳಗಿಳಿಸಿದರು.

ಜಾಕೆಟ್ ಅವನದೇ. ಚಳಿ ಇತ್ತು, ಅವನು ಕೊಟ್ಟ.

ಪೊಲೀಸರು ಎಲ್ಲ ವಿಚಾರಿಸಿ, ಹಿಮದ ಬಿರುಕಿಗೆ ಬಿದ್ದಿದ್ದಾನೆಂದು ಬರೆದು ಮುಗಿಸಿದ್ದಾರೆ. ಮುಗಿದದ್ದನ್ನು ಮತ್ತೆ ಕೆದಕಿದರೆ ಯಾರಿಗೆ ಒಳ್ಳೆಯದು? ಅಮ್ಮನಿಗೆ ಆ ಅಭಿಪ್ರಾಯಗಳನ್ನು ಓದಿ ಹೇಳಬೇಡಿ.

ಸುಧಾಕರ


ಬೇತಮಂಗಲ
1 ಮಾರ್ಚ್ 2025

ಸುಧಾಕರ,

‘ಅವನು ಕೊಟ್ಟ.’ ಎರಡು ವರ್ಷ ನಾಲ್ಕು ತಿಂಗಳು ಕಾದದ್ದಕ್ಕೆ ಎರಡೇ ಪದ.

ನೀನು ಆಸ್ಪತ್ರೆಯಿಂದ ಬಂದಮೇಲೆ ನಮ್ಮ ಮನೆಗೆ ಒಂದೇ ಒಂದು ಸಲ ಬಂದೆ. ಕೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ಕೂತಿದ್ದೆ. ಅಮ್ಮ ಏನೂ ಕೇಳಲಿಲ್ಲ, ನೀನೂ ಏನೂ ಹೇಳಲಿಲ್ಲ. ಕಾಫಿ ಆರಿಹೋಯಿತು, ಎದ್ದು ಹೋದೆ. ಆವತ್ತು ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಇಲ್ಲಿ ಏನಾಗುತ್ತಿದೆ ಗೊತ್ತೇ? ಚಾನೆಲ್ಲಿನಿಂದ ಲಿಖಿತ ಎಂಬ ಹುಡುಗಿ ಬಂದಿದ್ದಳು. ಒಳ್ಳೆಯ ಹುಡುಗಿ, ಚಪ್ಪಲಿ ಬಿಟ್ಟು ಒಳಗೆ ಬಂದಳು. ಈ ಕಥೆಗೆ ಬಂದಷ್ಟು ಅಭಿಪ್ರಾಯ ಯಾವುದಕ್ಕೂ ಬಂದಿಲ್ಲವಂತೆ. ಅದಕ್ಕೆ ಎರಡನೇ ಭಾಗ ಮಾಡುತ್ತಾರಂತೆ, ಮಾರ್ಚ್ 16ಕ್ಕೆ, ನೇರ ಪ್ರಸಾರ. ಗೆಳೆಯ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ನೋಡುವವರು ಮನೆಯಿಂದಲೇ ಓಟು ಹಾಕುತ್ತಾರೆ. ಕೊನೆಗೆ ತಾಯಿಯ ಅಭಿಪ್ರಾಯ. ನಾನು ಆಗುವುದಿಲ್ಲ ಅನ್ನುವಷ್ಟರಲ್ಲಿ ಅಮ್ಮ “ಬತ್ತೀನಿ” ಅಂದುಬಿಟ್ಟಳು.

ಆಮೇಲೆ ಜಗಳವಾಡಿದೆ. ಅವಳು ಹೇಳಿದ್ದು ಇಷ್ಟು: “ಊರಾಗೆ ಯಾರಾದ್ರೂ ನನ್ ಮಗನ ಎಸರು ಎತ್ತಾರಾ? ನನ್ ಕಂಡ್ರೆ ಮಾತು ತಿರುಗಿಸ್ತಾರೆ. ಅವರಾದ್ರೂ ಅವನ್ ಬಗ್ಗೆ ಮಾತಾಡ್ತಾವ್ರೆ.”

ಹಾಲಿನ ಡೈರಿಯಲ್ಲಿ ದಿನಾ ಇದೇ ಮಾತು. ಕಾರ್ಯದರ್ಶಿ ವೆಂಕಟೇಶಪ್ಪನವರು ಟೀವಿಯಲ್ಲಿ ನೋಡಿದ್ದನ್ನೆಲ್ಲ ತಾವೇ ಕಂಡವರಂತೆ ಹೇಳುತ್ತಾರೆ. ನಿನ್ನೆ ಅವರ ಮಗ ಇನ್ನು ಮೂವರನ್ನು ಕರೆದುಕೊಂಡು ಬಂದು, “ಅಕ್ಕಾ, ನೀನ್ ಊ ಅನ್ನು ಸಾಕು. ಬಂಗಾರಪೇಟೆಗೆ ಓಗಿ ಬಾಯಿ ಬಿಡಿಸ್ಕೊಂಡ್ ಬತ್ತೀವಿ” ಅಂದ. ಅವನ ಬೈಕಿನ ಪಕ್ಕಕ್ಕೆ ಕಬ್ಬಿಣದ ಪೈಪು ಕಟ್ಟಿತ್ತು. ನಾನು ಊ ಅನ್ನಲಿಲ್ಲ. ಆದರೆ ಬೇಡ ಅನ್ನುವ ಮೊದಲು ಒಂದು ಕ್ಷಣ ತಡೆದೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ನೋಡಿದವರಲ್ಲಿ ಬೆಟ್ಟ ಹತ್ತುವವರೂ ಇದ್ದಾರೆ. ಅವರಲ್ಲೊಬ್ಬರು ಬೈದಿಲ್ಲ, ಬರೀ ದಿನ ಎಣಿಸಿದ್ದಾರೆ. ಅಕ್ಟೋಬರ್ 14ರ ಬೆಳಗಿನ ಜಾವ ನೀನು ಅವನನ್ನು ಟೆಂಟಿನಲ್ಲಿ ಬಿಟ್ಟು ಸಹಾಯ ತರಲು ಹೊರಟೆ. ಕೆಳಗಿನ ಕ್ಯಾಂಪು ಮುಟ್ಟಿದ್ದು 15ರ ರಾತ್ರಿ. ಆ ದಾರಿ ಇಳಿಯಲು ಒಂದು ಹಗಲು ಸಾಕಂತೆ. ಮಿಕ್ಕ ಒಂದು ದಿನ ಎಲ್ಲಿ ಹೋಯಿತು?

ಅಮ್ಮ 16ಕ್ಕೆ ಆ ದೀಪಗಳ ಕೆಳಗೆ ಕೂರುತ್ತಾಳೆ. ಅವಳು ಏನು ಹೇಳಿದರೂ ಜನ ಅದನ್ನೇ ನಂಬುತ್ತಾರೆ. ಅಷ್ಟರೊಳಗೆ ನನಗೆ ಆ ದಿನ ಬೇಕು.

ಶಶಿರೇಖ


ಬಂಗಾರಪೇಟೆ
9 ಮಾರ್ಚ್ 2025

ಅಕ್ಕ,

ಇದನ್ನು ಪೊಲೀಸರಿಗೆ ಹೇಳಿಲ್ಲ. ಇಂದ್ರಾಣಿಗೂ ನಿನ್ನೆಯವರೆಗೆ ಹೇಳಿರಲಿಲ್ಲ. ನಿನ್ನೆ ಅವಳಿಗೆ ಹೇಳಿದೆ, ಇವತ್ತು ನಿನಗೆ.

ನಾವು ಗೈಡ್‌ಗಳಾಗಿ ಕರೆದುಕೊಂಡು ಹೋಗಿದ್ದ ಪ್ರವಾಸಿಗಳು ಕೆಳಗಿಳಿದಿದ್ದರು. ಸಂಬಳಕ್ಕೆ ಹತ್ತಿದ್ದು ಸಾಕು, ನಮಗೋಸ್ಕರ ಒಂದು ಶಿಖರ ಹತ್ತೋಣ ಎಂದು ನಾವಿಬ್ಬರೇ ಉಳಿದೆವು. ಆಸೆ ಅವನದು, ನಾನೂ ಬೇಡ ಅನ್ನಲಿಲ್ಲ. ತುದಿ ಮುಟ್ಟಲಾಗಲಿಲ್ಲ. 12ರ ಸಂಜೆ ಇಳಿಯುವಾಗ ಮಂಜುಗಟ್ಟಿದ ಬಂಡೆಯ ಮೇಲೆ ಜಾರಿ ಅವನ ಪಾದದ ಕೀಲು ಮುರಿಯಿತು. ಟೆಂಟಿನವರೆಗೆ ಎಳೆದುಕೊಂಡು ಬಂದೆ. ಎಳೆಯುವಾಗ ನನ್ನ ಜಾಕೆಟ್ ಬಂಡೆಗೆ ಸಿಕ್ಕಿ ಬೆನ್ನುದ್ದಕ್ಕೂ ಹರಿಯಿತು. 13 ಇಡೀ ದಿನ ಹಿಮ ಬಿತ್ತು. 14ರ ಬೆಳಗಿನ ಜಾವ ಸ್ವಲ್ಪ ಕಡಿಮೆಯಾಯಿತು. ಹೊರಡಬೇಕಿತ್ತು.

ಅವನು ಕೊಟ್ಟ ಎಂದು ಬರೆದಿದ್ದೆ. ಅವನಾಗಿ ಕೊಡಲಿಲ್ಲ, ನಾನು ಕೇಳಿದೆ. “ನಿನ್ ಜಾಕೆಟ್ ನಂಗ್ ಕೊಡ್ಲಾ” ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ, “ತಗಳ್ಲಾ, ನಡೆಯೋನಿಗೆ ಬೇಕು. ನಂಗೆ ಎರಡು ಮಲಗೋ ಚೀಲ ಐತೆ” ಅಂತ ಬಿಚ್ಚಿ ಕೊಟ್ಟ. ನನ್ನ ಬೆರಳು ಮರಗಟ್ಟಿದ್ದರಿಂದ ಅವನೇ ಜಿಪ್ ಎಳೆದ.

“ಯಾವಾಗ್ ಬತ್ತೀಯ?”

“ನಾಡಿದ್ದು ಮಧ್ಯಾಹ್ನದೊಳಗೆ ಜನ ಕರ್ಕೊಂಡ್ ಬತ್ತೀನಿ.”

“ಮಧ್ಯಾಹ್ನ ಅಂದ್ರೆ ಎಷ್ಟೊತ್ಗೆ?”

“ಅನ್ನೆರಡು.”

ಅವನು ವಾಚು ನೋಡಿಕೊಂಡು ತಲೆಯಾಡಿಸಿದ. ಅಷ್ಟೇ ನಮ್ಮ ಕೊನೆಯ ಮಾತು.

ಸಂಜೆ ನಾಲ್ಕರ ಹೊತ್ತಿಗೆ ಕುರಿ ಕಾಯುವವರ ಕಲ್ಲಿನ ಗುಡಿಸಲು ಸಿಕ್ಕಿತು. ಒಳಗೆ ಇಬ್ಬರು ಮುದುಕರಿದ್ದರು. ಬೆಂಕಿ ಇತ್ತು. ಅಲ್ಲಿಂದ ಕ್ಯಾಂಪಿಗೆ ಇನ್ನು ನಾಲ್ಕೈದು ಗಂಟೆಯ ದಾರಿ. ಅವರು ನನ್ನನ್ನು ಒಳಗೆಳೆದು ಕೂರಿಸಿ ಚಹ ಕೊಟ್ಟರು. ಮೇಲೆ ಒಬ್ಬನಿದ್ದಾನೆ ಎಂದು ಹೇಳಬೇಕಿತ್ತು. ನನಗೆ ಅಷ್ಟು ಹಿಂದಿ ಬರುತ್ತಿತ್ತು ಅಕ್ಕ. ಬೆರಳು ತೋರಿಸಿದ್ದರೂ ಅವರಿಗೆ ತಿಳಿಯುತ್ತಿತ್ತು. ಈ ಲೋಟ ಮುಗಿಯಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಹೇಳಿದರೆ ಎದ್ದು ಹೊರಡಬೇಕಾಗುತ್ತದಲ್ಲ ಎಂಬ ಯೋಚನೆಯೂ ಬಂತು. ಅದನ್ನು ಮುಚ್ಚಿಡುವುದಿಲ್ಲ. ಬೆಂಕಿಯ ಬಿಸಿ ಕಾಲಿನಿಂದ ಮೇಲಕ್ಕೆ ಹತ್ತಿತು.

ನಾನು ನಿದ್ದೆ ಮಾಡಿದೆ.

ಎಚ್ಚರವಾದಾಗ ಮರುದಿನ ಮಧ್ಯಾಹ್ನ ಎರಡು ಗಂಟೆ. ಬೆಂಕಿ ಆರಿತ್ತು. ಮುದುಕರು ಕುರಿ ಹೊಡೆದುಕೊಂಡು ಹೋಗಿದ್ದರು. ನನ್ನ ತಲೆಯ ಹತ್ತಿರ ಎರಡು ರೊಟ್ಟಿ ಇಟ್ಟಿದ್ದರು. ನಾನು ಅಲ್ಲಿಂದ ಓಡಿದೆ. ಕ್ಯಾಂಪು ಮುಟ್ಟಿದಾಗ ಕತ್ತಲಾಗಿತ್ತು. ರಕ್ಷಣೆಯವರು 16ರ ಬೆಳಿಗ್ಗೆ ಹೊರಟರು. ಹತ್ತಲು ಅವರಿಗೆ ಒಂದೂವರೆ ದಿನ ಹಿಡಿಯಿತು. 17ರ ಮಧ್ಯಾಹ್ನ ಟೆಂಟು ತಲುಪಿದರೆ ಖಾಲಿ.

ಅವರ ಹಿರಿಯ ಆಸ್ಪತ್ರೆಗೆ ಬಂದು ನನಗೊಬ್ಬನಿಗೇ ಒಂದು ವಿಷಯ ಹೇಳಿದ. ಮೇಲೆ ಹಿಮ ಬೀಳುವುದು ನಿಂತದ್ದು 16ರ ಬೆಳಿಗ್ಗೆ. ಟೆಂಟಿನಿಂದ ಒಬ್ಬ ಕೂತಲ್ಲಿಂದಲೇ ಕೈಯೂರಿ ತೆವಳಿಕೊಂಡು ಹೋದ ಗುರುತು ಆ ಹೊಸ ಹಿಮದ ಮೇಲಿತ್ತು. ಅದು ನಾನು ಇಳಿದು ಹೋದ ದಾರಿಯ ಕಡೆಗೇ ಹೋಗಿತ್ತು. ಇನ್ನೂರು ಅಡಿಯಲ್ಲಿ ಬಿರುಕು. ಅಲ್ಲಿಗೆ ಗುರುತು ಮುಗಿದಿತ್ತು. ಬಿರುಕಿನದನ್ನು ಪೊಲೀಸರೂ ಬರೆದುಕೊಂಡಿದ್ದರು, ಹಿಮ ನಿಂತ ದಿನವನ್ನು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ.

ಅಂದರೆ 16ಕ್ಕೆ ಅವನು ಬದುಕಿದ್ದ. ನಾನು ನಿದ್ದೆ ಮಾಡದಿದ್ದರೆ ಜನ ಸರಿಯಾಗಿ 16ರ ಮಧ್ಯಾಹ್ನ ಅಲ್ಲಿರುತ್ತಿದ್ದರು. ಅವನು ಹನ್ನೆರಡರವರೆಗೆ ಕಾದು, ನನ್ನನ್ನು ಎದುರುಗೊಳ್ಳಲು ಹೊರಬಿದ್ದಿರಬೇಕು.

ಅವರ ನಾಲ್ಕು ಸಾವಿರ ಅಭಿಪ್ರಾಯಗಳನ್ನು ನಾನೂ ಓದಿದ್ದೇನೆ. ತಳ್ಳಿದ, ಕುತ್ತಿಗೆ ಹಿಸುಕಿದ, ಹೆಣ್ಣಿಗಾಗಿ ಕೊಂದ ಎಂದೆಲ್ಲ ಬರೆದಿದ್ದಾರೆ. ನಿದ್ದೆ ಮಾಡಿದ ಎಂದು ಒಬ್ಬರೂ ಬರೆದಿಲ್ಲ.

ಅಮ್ಮನಿಗೆ ಓದಿ ಹೇಳು. ಸ್ಟುಡಿಯೋದಲ್ಲಿ ಓದಬೇಕೆನ್ನಿಸಿದರೆ ಅಲ್ಲೂ ಓದು. ನಾನು ಊರು ಬಿಟ್ಟು ಓಡುವುದಿಲ್ಲ.

ಸುಧಾಕರ


ಬೇತಮಂಗಲ
19 ಮಾರ್ಚ್ 2025

ಸುಧಾಕರ,

ನಿನ್ನ ಕಾಗದ ಗುರುವಾರ ಬಂತು. ಶುಕ್ರವಾರ ಅಮ್ಮನಿಗೆ ಓದಿದೆ. ‘ನಿದ್ದೆ ಮಾಡಿದೆ’ ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು. ಮೊದಲಿನಿಂದ ಇನ್ನೊಂದು ಸಲ ಓದಿಸಿದಳು. ಪೂರ್ತಿ ಕೇಳಿದ ಮೇಲೆ ಎದ್ದು ಹಸುಗಳ ಹತ್ತಿರ ಹೋದಳು.

ಭಾನುವಾರ ಚಾನೆಲ್ಲಿನ ಕಾರು ಬಂತು. ಸ್ಟುಡಿಯೋ ಒಳಗೆ ವಿಪರೀತ ತಣ್ಣಗಿತ್ತು, ಅಮ್ಮ ಸೆರಗು ಹೊದ್ದು ಕೂತಳು. ಹಿಂದೆ ದೊಡ್ಡ ಪರದೆ. ನೂರಕ್ಕೆ ಎಪ್ಪತ್ತೊಂದು ಜನ ನೀನು ತಪ್ಪಿತಸ್ಥ ಅಂದಿದ್ದರು. ಅಂಕಿ ಏರಿದಾಗಲೆಲ್ಲ ಢಣ್ ಅಂತ ಸದ್ದು ಮಾಡುತ್ತಿದ್ದರು. ನಿನ್ನ ಕಾಗದ ನನ್ನ ಬ್ಯಾಗಿನಲ್ಲಿತ್ತು. ಅಮ್ಮ ಕಣ್ಣಿನಲ್ಲಿ ಸನ್ನೆ ಮಾಡಿದರೆ ತೆಗೆದು ಓದುವುದೆಂದು ಜಿಪ್ಪಿನ ಮೇಲೇ ಕೈ ಇಟ್ಟುಕೊಂಡಿದ್ದೆ.

ಕಾರ್ಯಕ್ರಮ ನಡೆಸುವವರು ಬಾಗಿ ಕೇಳಿದರು: “ಅಮ್ಮಾ, ಇಡೀ ರಾಜ್ಯ ಕಾಯ್ತಿದೆ. ನಿಮ್ಮ ಅಭಿಪ್ರಾಯ ಏನು? ನಿಮ್ಮ ಮಗನನ್ನ ಅವರೇ ಕೊಂದ್ರಾ?”

“ಇಲ್ಲ.”

“ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?”

“ನಂಗ್ಗೊತ್ತು.”

“ಏನು ಗೊತ್ತು ನಿಮಗೆ?”

ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಅದ್ನ ನಿಮ್ಗೆ ಏಳಲ್ಲ.”

ಅವರು ಸಂಗೀತ ಹಾಕಿಸಿದರು, ಮತ್ತೆ ಕೇಳಿದರು, ಗೆಳೆಯನ ಕಡೆಯವರು ಹೆದರಿಸಿದ್ದಾರಾ ಎಂದರು. ಅಮ್ಮ ಬಾಯಿ ಬಿಡಲಿಲ್ಲ. ಕೊನೆಗೆ ಜಾಹೀರಾತು ಹಾಕಿದರು.

ಕಾರಿನಲ್ಲಿ ವಾಪಸ್ಸು ಬರುವಾಗ ಕೋಲಾರ ದಾಟಿದೆವು. ಆಮೇಲೆ ಅಮ್ಮ ತನ್ನಷ್ಟಕ್ಕೆ ಮಾತಾಡಿದಳು. “ಕೊಂದ ಅಂದಿದ್ರೆ ಶಾಪ ಆಕ್ಬೋದಿತ್ತು. ನಿದ್ದೆ ಮಾಡ್ದೋನಿಗೆ ಏನಂತ ಶಾಪ ಆಕ್ಲಿ ಶಶೀ?” ಇನ್ನೂ ಸ್ವಲ್ಪ ದೂರ ಹೋದಮೇಲೆ, “ಅಂಗಾರೆ ಅವ್ನು ಓಗಿದ್ದು ಅದಿನಾರು. ತಿಥಿ ಮಾಡಕ್ಕೆ ಒಂದು ದಿನ ಸಿಕ್ತು” ಅಂದಳು. ಯಾವ ದಿನವೆಂದು ತಿಳಿಯದೆ ನಾವು ಈವರೆಗೆ ಅವನಿಗೆ ಎಡೆ ಇಟ್ಟಿಲ್ಲ. ನಿನಗದು ಗೊತ್ತಿರಲಿಕ್ಕಿಲ್ಲ.

ಬರುವ ಭಾನುವಾರ ನೀನು ಬರಬೇಕಂತೆ. “ಒಡಿತೀನೋ ಉಣ್ಣಕ್ಕಿಕ್ತೀನೋ ನಂಗೇ ಗೊತ್ತಿಲ್ಲ, ಬಾ ಅಂತ ಬರಿ” ಅಂದಿದ್ದಾಳೆ. ಬರೆದಿದ್ದೇನೆ. ನಾನು ಏನು ಮಾಡುತ್ತೇನೆಂದು ಕೇಳಬೇಡ.

ಶಶಿರೇಖ


ಬಂಗಾರಪೇಟೆ
3 ಏಪ್ರಿಲ್ 2025

ಅಕ್ಕ,

ಆ ಭಾನುವಾರ ಬಂದಿದ್ದೆ. ಬೇತಮಂಗಲದಲ್ಲಿ ಬಸ್ಸಿಳಿದು ಕೆರೆಯ ಏರಿಯವರೆಗೆ ನಡೆದೆ. ಯಾರೂ ತಡೆಯಲಿಲ್ಲ. ಪೈಪು ಹಿಡಿದವರೂ ಸಿಗಲಿಲ್ಲ. ಕಾಲು ಮುಂದಕ್ಕೆ ಬರಲಿಲ್ಲ, ಅಷ್ಟೇ. ಅದೇ ಬಸ್ಸಿನಲ್ಲಿ ತಿರುಗಿ ಹೋದೆ.

ನಿನ್ನೆ ಅಮ್ಮನೇ ಬಂದಿದ್ದರು, ಒಬ್ಬರೇ. ಕಣ್ಣಾಸ್ಪತ್ರೆಗೆಂದು ನಿನಗೆ ಸುಳ್ಳು ಹೇಳಿ ಹೊರಟರಂತೆ. ಬಾಗಿಲು ತೆಗೆದ ಇಂದ್ರಾಣಿಯನ್ನು ಸರಿಸಿ ಒಳಗೆ ಬಂದು ನನ್ನ ಕೆನ್ನೆಗೆ ಹೊಡೆದರು. ಎರಡನೇ ಏಟಿಗೆ ಎತ್ತಿದ ಕೈ ಹಾಗೇ ನಿಂತಿತು. ನನ್ನ ಎಡಗೈಯಲ್ಲಿ ಎರಡು ಬೆರಳಿಲ್ಲದ್ದನ್ನು ಅವರು ನೋಡಿದ್ದು ಆಗಲೇ. ಇಂದ್ರಾಣಿ ಕೊಟ್ಟ ನೀರು ಕುಡಿದು ಗೋಡೆಗೊರಗಿ ಕೂತರು. “ಮೊದ್ಲಿಂದ ಏಳು” ಅಂದರು. ಹೇಳಿದೆ. ಅವನು ಕೊನೆಯಲ್ಲಿ ಏನು ತಿಂದ ಎಂದು ಕೇಳಿದರು. ಗಂಜಿ ಎಂದೆ. ಬಿಸಿಯಾಗಿತ್ತಾ ಎಂದು ಕೇಳಿದರು. ಬಿಸಿಯಾಗಿತ್ತು ಎಂದೆ. ಅದು ನಿಜ ಅಕ್ಕ.

ಎದ್ದು ಹೋಗುವಾಗ ಹೇಳಿದರು: “ಟೀವಿಯೋರಿಗೆ ಬ್ಯಾಡ. ತಿಥಿ ದಿನ ನಮ್ ಅಂಗಳದಾಗೆ, ನಮ್ ಜನದ್ ಮುಂದೆ ನಿಂತು ನೀನೇ ಏಳ್ಬೇಕು. ಅಲ್ಲೀಗಂಟ ನಿನ್ ಮುಖ ತೋರಿಸ್ಬ್ಯಾಡ.”

ಬರುತ್ತೇನೆ. ಈ ಸಲ ಏರಿಯಿಂದ ತಿರುಗುವುದಿಲ್ಲ.

ಸುಧಾಕರ


ಬೇತಮಂಗಲ
15 ಅಕ್ಟೋಬರ್ 2025

ಸುಧಾಕರ,

ಅವನು ಹೋದ ಹದಿನಾರರ ಸಪ್ತಮಿ ಈ ವರ್ಷ ಹದಿಮೂರಕ್ಕೇ ಬಿತ್ತಲ್ಲ. ಮೊನ್ನೆ ಆ ತಿಥಿಗೆ ಅಂಗಳದಲ್ಲಿ ನಡೆದದ್ದನ್ನು ನಿನಗೆ ಹೇಳಬೇಕಿಲ್ಲ. ವೆಂಕಟೇಶಪ್ಪನವರು ನಿನ್ನ ಮಾತು ಮುಗಿಯುವ ಮೊದಲೇ ಎದ್ದು ಹೋದದ್ದು, ಅವರ ಮಗ ನಿನ್ನ ಅಂಗಿ ಹಿಡಿದದ್ದು, ಅಮ್ಮ “ಬಿಡ್ಲಾ, ನಾನು ಕರೆಸಿರೋದು” ಎಂದು ಗದರಿದ್ದು, ಎಲ್ಲವನ್ನೂ ನೀನೇ ಅನುಭವಿಸಿ ಹೋಗಿದ್ದೀಯ. ನೀನು ಬಸ್ಸಿಗೆ ಹೊರಟ ಮೇಲಿನದನ್ನು ಬರೆಯುತ್ತೇನೆ.

ಜನ ಎಲೆಯ ಮುಂದೆ ಕೂತೇ ಮಾತಿಗಿಳಿದರು. ಒಬ್ಬರು ನಿನ್ನನ್ನು ಪೊಲೀಸರಿಗೆ ಕೊಡಬೇಕೆಂದರು. ಪಕ್ಕದ ಮನೆಯ ಸುಮಲತ, “ದಣಿದು ಬಂದೋನಿಗೆ ನಿದ್ದೆ ಕೇಳ್ಕೊಂಡ್ ಬತ್ತದಾ?” ಅಂದಳು. ಇನ್ನೊಬ್ಬಳು, “ನಿನ್ ಮಗ ಆಗಿದ್ರೆ ಇಂಗಂತಿದ್ಯಾ?” ಎಂದು ಅವಳ ಮೇಲೆ ಹರಿಹಾಯ್ದಳು. ಚಾಂಪಿಯನ್ ರೀಫ್ಸ್‌ನಿಂದ ಸೀನಪ್ಪ ತಾತ ಬಂದಿದ್ದರು, ಗಣಿಯೊಳಗೆ ಮೂವತ್ತು ವರ್ಷ ದುಡಿದವರು. ಯಾರ ಮುಖವನ್ನೂ ನೋಡದೆ ಮಾತಾಡಿದರು. “ಒಂದ್ಸಲ ಒಳಗೆ ಬಂಡೆ ಸಿಡೀತು. ನಾನು ಮೇಲಕ್ಕೆ ಬಂದೆ, ನನ್ ಜೊತೆಗಾರ ಬರ್ನಿಲ್ಲ. ಅವ್ನ ಎಂಡ್ತಿ ಗೇಟಿನತ್ರ ನಿಂತಿದ್ಲು. ನಾನು ಅವಳ್ಗೆ ಏಳ್ದೆ ಇನ್ನೊಂದ್ ದಾರೀಲಿ ಮನೆಗೋಗಿ ಒಟ್ಟೆ ತುಂಬ ಉಂಡೆ. ಇವತ್ತಿನ್ಗಂಟ ಯಾರ್ಗೂ ಏಳಿರ್ನಿಲ್ಲ.” ಅವರು ಎಲೆ ಮಡಚಲು ಮರೆತು ಹಾಗೇ ಕೂತಿದ್ದರು. ಆಮೇಲೆ ಯಾರೂ ಅಭಿಪ್ರಾಯ ಹೇಳಲಿಲ್ಲ.

ಅಮ್ಮ ಎಲ್ಲರದನ್ನೂ ಕೇಳಿಸಿಕೊಂಡು ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಪಾತ್ರೆಯನ್ನು ಕೆಳಗಿಟ್ಟಳು. ಮುನೇಶನ ಫೋಟೊ ಮುಂದೆ ಹೋಗಿ ಕುಸಿದು ಕೂತಳು. “ಅನ್ನೆರಡು ಗಂಟೆಗಂಟ ಕಾದ್ಯಾ ಮಗನೇ” ಅಂತ ಒಂದೇ ಕೂಗು. ಹೆಣವೇ ಬಾರದ ಮನೆಯಲ್ಲಿ ಏನೆಂದು ಅಳುವುದು ಎಂದು ಮೂರು ವರ್ಷ ಅವಳು ದನಿ ತೆಗೆದು ಅತ್ತಿರಲಿಲ್ಲ, ನಮ್ಮನ್ನೂ ಅಳಗೊಟ್ಟಿರಲಿಲ್ಲ. ಬೀದಿಯ ಹೆಂಗಸರೆಲ್ಲ ಓಡಿಬಂದು ಅವಳ ಸುತ್ತ ಕೂತು, ಹೆಗಲ ಮೇಲೆ ತಲೆಯಿಟ್ಟು ಹಾಡಿಕೊಂಡು ಅತ್ತರು. ನಾನೂ ಅತ್ತೆ. ಹೋಗಿದ್ದ ವೆಂಕಟೇಶಪ್ಪನವರು ಸದ್ದು ಕೇಳಿ ತಿರುಗಿ ಬಂದು, ಟವೆಲು ತೆಗೆದು ಬಾಗಿಲಲ್ಲಿ ನಿಂತರು. ಆ ಹೊತ್ತಿಗೆ ನೀನು ಬಸ್ಸಿನಲ್ಲಿದ್ದೆ. ನಮ್ಮ ಮನೆಯಲ್ಲಿ ಮುನೇಶ ಮೊನ್ನೆ ಸೋಮವಾರ ಸತ್ತ.

ಸಂಜೆಯಾಯಿತು. ಹಸುಗಳು ಕೂಗಿದವು. ಅಮ್ಮ ಮುಖ ತೊಳೆದುಕೊಂಡು ಎದ್ದಳು.

ಕ್ಷಮಿಸಿದ್ದೇನೆ ಎಂದು ಬರೆಯಲು ಎರಡು ದಿನದಿಂದ ಕೂರುತ್ತಿದ್ದೇನೆ, ಕೈ ಬರುತ್ತಿಲ್ಲ. ಸುಳ್ಳು ಬರೆಯುವುದಿಲ್ಲ. ಬರುವ ವರ್ಷ ಸಪ್ತಮಿ ಯಾವತ್ತು ಬೀಳುತ್ತದೋ ನೋಡಿ ತಿಳಿಸುತ್ತೇನೆ. ಇಂದ್ರಾಣಿಯನ್ನೂ ಕರೆದುಕೊಂಡು ಬಾ.

ಶಶಿರೇಖ